ಕೆಂಪು ಮೀನು ಮೊಟ್ಟೆಯಿಟ್ಟಾಗ

ಜಪಾನಿನ ಭತ್ತದ ಗದ್ದೆಗಳಲ್ಲಿ ಮೆದಾಕ ಎಂಬ ಮೀನುಂಟು. ಉದ್ದ ಮೂರ್ನಾಲ್ಕು ಸೆಂಟಿಮೀಟರ್. ಕಣ್ಣು ತಲೆಯ ಮೇಲ್ಗಡೆ. ಹೆಸರಿನ ಅರ್ಥವೂ ಅದೇ. ಎಡೊ ಕಾಲದಲ್ಲೇ ಜನ ಇದರ ಕಿತ್ತಳೆ ತಳಿಯನ್ನು ಶೋಕಿಗೆ ಸಾಕುತ್ತಿದ್ದರು. ಪಂಡಿತರಿಗೆ ಆಮೇಲೆ ಒದಗಿದ್ದು ಆ ಶೋಕಿಯೇ.

ಕ್ಯೋಟೊದ ತಾಂತ್ರಿಕ ಶಾಲೆಯ ತತ್ಸುವೊ ಐದಾ ಬಿಳಿ ಹೆಣ್ಣಿಗೂ ಕೆಂಪು ಗಂಡಿಗೂ ಜೋಡಿ ಕಟ್ಟಿದರು. ಮರಿಗಳೆಲ್ಲ ಕೆಂಪು. ಮೊಮ್ಮಕ್ಕಳಲ್ಲಿ ಬಿಳಿ ಬಂದವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು! ಕೆಂಪಿನ ಜೀನ್ ವೈ ವರ್ಣತಂತುವಿನಲ್ಲಿ ಕುಳಿತು ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು. ಅಪರೂಪಕ್ಕೆ ಎಕ್ಸ್‌ಗೂ ಜಿಗಿಯುತ್ತಿತ್ತು. ಹಣ್ಣುನೊಣ ಸಾಕಿ ಆನುವಂಶಿಕತೆ ಅಭ್ಯಸಿಸುತ್ತಿದ್ದವರು ವೈ ಎಂದರೆ ಬಹುಪಾಲು ಬರಿದು ಎಂದುಕೊಂಡಿದ್ದ ಕಾಲವದು. ಐದಾರ ಲೇಖನ 1921ರಲ್ಲಿ ಅಮೆರಿಕದ 'ಜೆನೆಟಿಕ್ಸ್' ಪತ್ರಿಕೆಯಲ್ಲಿ ಬಂತು. ಅದಕ್ಕೆ ವರ್ಷ ಮೊದಲೇ ಡೆನ್ಮಾರ್ಕಿನ ಯೋಹಾನೆಸ್ ಶ್ಮಿತ್ ಗಪ್ಪಿ ಮೀನಿನ ಬೆನ್ನುರೆಕ್ಕೆಯ ಮಚ್ಚೆಯೊಂದು ಹೀಗೇ ಗಂಡಿನಿಂದ ಗಂಡಿಗೆ ಸಾಗುವುದನ್ನು ತೋರಿಸಿದ್ದರು. ಆದರೂ ನನ್ನ ಒಲವು ಐದಾರ ಕಡೆಗೇ.

ಐದಾರ ಬಣ್ಣದ ಗುಟ್ಟನ್ನು ಸರಿಯಾಗಿ ದುಡಿಸಿಕೊಂಡವರು ನಗೋಯಾದ ತೊಕಿಯೊ ಯಮಾಮೊಟೊ. ಗಂಡೆಲ್ಲ ಕೆಂಪು, ಹೆಣ್ಣೆಲ್ಲ ಬಿಳಿ ಆಗುವ ತಳಿಯೊಂದು ಅವರ ಕೈಲಿತ್ತು. ಮರಿಗಳ ಮೇವಿಗೆ ಹೆಣ್ಣು ಹಾರ್ಮೋನು ಬೆರೆಸಿದರು. ಕೆಂಪು ಮೀನುಗಳು ಮೊಟ್ಟೆಯಿಟ್ಟವು! ವರ್ಣತಂತುವಿನ ಲೆಕ್ಕದಲ್ಲಿ ಗಂಡು, ನಡೆನುಡಿಯಲ್ಲಿ ತಾಯಿ. 1953ರಲ್ಲಿ ಅದು ಪ್ರಕಟವಾಯಿತು. ಇಂಥ ತಾಯಿಗೆ ಮಾಮೂಲಿ ಗಂಡು ಜೋಡಿಯಾದಾಗ ಎರಡೂ ವೈ ಇರುವ ಮೀನುಗಳೂ ಹುಟ್ಟಿದವು.

ಮುಂದಿನ ಅರ್ಧ ಶತಮಾನವನ್ನು ದಾಟಿಬಿಡೋಣ.

ಗಂಡಾಗಿಸುವ ಜೀನೇ ಕೈಗೆ ಸಿಕ್ಕಿದ್ದು 2002ರಲ್ಲಿ. ಮಸಾರು ಮತ್ಸುದಾ ತಂಡ ಅದನ್ನು ಡಿಎಂವೈ ಎಂದು ಕರೆಯಿತು. ಜರ್ಮನಿಯ ಮಾನ್‌ಫ್ರೆಡ್ ಶಾರ್ಟ್ಲ್ ತಂಡವೂ ಅದೇ ವರ್ಷ ಅಲ್ಲಿಗೇ ತಲುಪಿತು. ಬೇರೊಂದು ವರ್ಣತಂತುವಿನ ಜೀನಿನ ನಕಲು ಪ್ರತಿಯದು. ಫಿಲಿಪ್ಪೀನ್ಸಿನ ಲುಜಾನ್ ದ್ವೀಪದ ಹತ್ತಿರದ ನೆಂಟನಲ್ಲಿ ಮಾತ್ರ ಅದಿಲ್ಲ, ಆ ಕೆಲಸಕ್ಕೆ ಬೇರೆಯೇ ಜೀನ್. ಟ್ರೌಟ್ ಮೀನಿನಲ್ಲಂತೂ ರೋಗನಿರೋಧಕ ಜೀನೊಂದರಿಂದ ಹುಟ್ಟಿದ ಜೀನು ಗಂಡನ್ನು ಮಾಡುತ್ತದೆ.

ಡಿಎಂವೈಗೆ ಗಟ್ಟಿ ಸಾಕ್ಷಿ ಹೇಳಿದವು ಬಣ್ಣದ ಮೀನುಗಳಲ್ಲ. ಬಯಲಿನ ನೀರಿನಲ್ಲಿ ಹಿಡಿದ, ಈ ಜೀನ್ ಕೆಟ್ಟು ಹೆಣ್ಣಾಗಿದ್ದ ಕಾಡುಮೆದಾಕಗಳು. ಕಾಡುಮೆದಾಕಗಳೇ ಈಗ ಕಡಿಮೆ. ಗದ್ದೆಯ ಕಾಲುವೆಗಳಿಗೆ ಕಾಂಕ್ರೀಟು ಬಿತ್ತು. 1999ರಲ್ಲಿ ಮೆದಾಕ ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿತು. ಮರುಕಪಟ್ಟವರು ಅಂಗಡಿಯ ಕಿತ್ತಳೆ ಮೀನು ತಂದು ಹಳ್ಳಕ್ಕೆ ಬಿಡುತ್ತಾರೆ. ಅವು ಅಳಿದುಳಿದ ಕಾಡುಮೀನಿನ ಜೊತೆ ಕೂಡಿ ಸಂತತಿ ಬೆಳೆಸುತ್ತವೆ.