ಗಣಕಯಂತ್ರದ ಹೆಸರುಪಟ್ಟಿ: ಸೇರಿಸುವ ಮತ್ತು ತೆಗೆಯುವ ಕ್ರಮ

ಸಂಘದ ವಾರ್ಷಿಕ ಸಂಚಿಕೆಗೆ ಪ್ರಯೋಜನಕರವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪೇಕ್ಷಿಸಿದಾಗ, ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂದು ನಾವು ಹೆಚ್ಚು ಯೋಚಿಸಬೇಕಾಗಲಿಲ್ಲ. ನಮ್ಮ ಶಾಲೆಯಲ್ಲಿ ನಡೆದ ಸಣ್ಣ ಸಂಗತಿಯೊಂದು ಮನಸ್ಸನ್ನು ಬಹುಕಾಲ ಚುಚ್ಚುತ್ತಿತ್ತು. ಅದನ್ನು ಮೊದಲು ಹೇಳಿ, ಅದರಿಂದ ನಾವು ಕಲಿತುದನ್ನು ಅನಂತರ ವಿವರಿಸುತ್ತೇವೆ.

ಸಂಘದ ಕೃಪೆಯಿಂದ ನಮ್ಮ ಶಾಲೆಗೆ ದೊರೆತ ಹಳೆಯ ಲ್ಯಾಪ್‌ಟಾಪುಗಳಲ್ಲಿ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಅಳವಡಿಸಲಾಗಿದೆ. ಒಂದು ಮಧ್ಯಾಹ್ನ ಏಳನೆಯ ತರಗತಿಯ ಬಾಲಕನೊಬ್ಬನು ಅದರ ಮೆನುವನ್ನು ತಿದ್ದುವ ಸಾಧನವನ್ನು ತೆರೆದು, ಏನನ್ನೋ ಒತ್ತಿ, ಚಿತ್ರ ಬರೆಯುವ ಕಾರ್ಯಕ್ರಮದ ಹೆಸರನ್ನು ಕಾಣದಂತೆ ಮಾಡಿದನು. ಸಂಘದ ಸೊತ್ತನ್ನು ಹಾಳುಮಾಡಿದೆಯೆಂದು ನಾವು ಅವನನ್ನು ಗದರಿಸಿದೆವು. ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಅವನ ತಾಯಿ ಹೂವಿನ ತೋಟದ ಕೂಲಿಯನ್ನು ಬಿಟ್ಟು ಬಂದು, "ಯಂತ್ರಕ್ಕೆ ಎಷ್ಟು ದಂಡ ಕಟ್ಟಬೇಕು, ಸ್ವಾಮಿ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಭಾನುವಾರ ಹೊಸೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬಂದು, ಐದೇ ನಿಮಿಷಗಳಲ್ಲಿ ಆ ಹೆಸರನ್ನು ಮರಳಿ ತಂದುಕೊಟ್ಟರು. ಯಂತ್ರದಲ್ಲಿ ಏನೊಂದೂ ನಷ್ಟವಾಗಿರಲಿಲ್ಲ. ಅಳಿಸಿಹೋಗಿದ್ದುದು ಹೆಸರು ಮಾತ್ರ. ಕಾರ್ಯಕ್ರಮವು ತನ್ನ ಸ್ಥಳದಲ್ಲಿಯೇ ಸುರಕ್ಷಿತವಾಗಿತ್ತು. ಅಪರಾಧವಿದ್ದರೆ ಅದು ನಮ್ಮ ಅಜ್ಞಾನದ್ದೇ ಹೊರತು ಆ ಬಾಲಕನದಲ್ಲ.

ಹೆಸರು ಬೇರೆ, ವಸ್ತು ಬೇರೆ

ಉಪಾಧ್ಯಾಯರಿಗೆ ಈ ವಿಷಯವನ್ನು ಹಾಜರಿ ಪುಸ್ತಕದ ದೃಷ್ಟಾಂತದಿಂದ ತಿಳಿಯುವುದು ಸುಲಭ. ಪುಸ್ತಕದಲ್ಲಿ ಒಬ್ಬ ಬಾಲಕನ ಹೆಸರು, ಅವನ ಮನೆಯ ವಿಳಾಸ, ಅವನ ತರಗತಿ ಇಷ್ಟನ್ನು ಬರೆದಿರುತ್ತೇವೆ. ಬರೆದ ಸಾಲು ಬಾಲಕನಲ್ಲ. ಸಾಲನ್ನು ಹೊಡೆದುಹಾಕಿದರೆ ಬಾಲಕನು ಊರಿನಿಂದ ಮಾಯವಾಗುವುದಿಲ್ಲ. ಬಾಲಕನು ಊರು ಬಿಟ್ಟುಹೋದರೆ ಸಾಲು ತಾನಾಗಿಯೇ ಅಳಿಯುವುದೂ ಇಲ್ಲ.

ನಮ್ಮ ಸೀಮೆಯ ಜನರಿಗೆ ಇದು ಹೊಸ ಮಾತೇನೂ ಅಲ್ಲ. ಜವಳಗಿರಿ, ತಳಿ, ಡೆಂಕಣಿಕೋಟೆಗಳ ಈ ಪ್ರಾಂತವು ಮೊದಲು ಸೇಲಂ ಜಿಲ್ಲೆಯ ಪಟ್ಟಿಯಲ್ಲಿತ್ತು. 1965ರಲ್ಲಿ ಧರ್ಮಪುರಿಯ ಪಟ್ಟಿಗೆ ಬಂದಿತು. 2004ರಲ್ಲಿ ಕೃಷ್ಣಗಿರಿಯ ಪಟ್ಟಿಗೆ ಸೇರಿತು. ಪಟ್ಟಿಗಳು ಬದಲಾದವು, ಕಾಡೂ ಹೊಲವೂ ಮನೆಯ ಮಾತೂ ಇದ್ದಲ್ಲಿಯೇ ಉಳಿದವು.

ಲಿನಕ್ಸ್ ಯಂತ್ರದ ಮೆನು ಎಂಬುದೂ ಇಂತಹುದೇ ಒಂದು ಹೆಸರುಪಟ್ಟಿ. ಅದರಲ್ಲಿ ಕಾಣುವ ಒಂದೊಂದು ಹೆಸರಿಗೂ ಹಿನ್ನೆಲೆಯಲ್ಲಿ ಒಂದೊಂದು ಚಿಕ್ಕ ಕಡತವಿರುತ್ತದೆ. ಅದರ ಹೆಸರಿನ ಕೊನೆಯಲ್ಲಿ 'ಡಾಟ್ ಡೆಸ್ಕ್‌ಟಾಪ್' ಎಂಬ ಬಾಲವಿರುವುದರಿಂದ ಅದನ್ನು ಡೆಸ್ಕ್‌ಟಾಪ್ ಕಡತವೆಂದು ಕರೆಯುತ್ತಾರೆ. ಅದು ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಬರಹ.

ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು 1991ರಲ್ಲಿ ಲಿನಕ್ಸಿನ ತಿರುಳನ್ನು ಲೋಕಕ್ಕೆ ನೀಡಿದನು. ಆ ಬಳಿಕ 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಎಂಬ ಎರಡು ಡೆಸ್ಕ್‌ಟಾಪುಗಳ ರಚನೆ ಆರಂಭವಾಯಿತು. ಇವುಗಳೆಲ್ಲ ತಮ್ಮತಮ್ಮ ದಾರಿಯಲ್ಲಿಯೇ ನಡೆದರೆ ಒಂದರ ಕಾರ್ಯಕ್ರಮ ಇನ್ನೊಂದರ ಮೆನುವಿನಲ್ಲಿ ಕಾಣದೆ ಹೋಗುವ ತೊಡಕಿತ್ತು. ಅದನ್ನು ನಿವಾರಿಸಲು 2000ದಲ್ಲಿ ಹ್ಯಾವಕ್ ಪೆನ್ನಿಂಗ್ಟನ್ ಎಂಬವರು ಫ್ರೀಡೆಸ್ಕ್‌ಟಾಪ್ ಎಂಬ ಕೂಟವನ್ನು ಆರಂಭಿಸಿದರು. ಅಲ್ಲಿ ಒಪ್ಪಿಕೊಂಡ ಕಟ್ಟಳೆಯನ್ನೇ ಇಂದು ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ, ಮಾಟೆ, ಸಿನ್ನಮನ್ ಮೊದಲಾದ ಡೆಸ್ಕ್‌ಟಾಪುಗಳು ಅನುಸರಿಸುತ್ತವೆ. ಆದುದರಿಂದ ಒಂದು ಯಂತ್ರದಲ್ಲಿ ಕಲಿತ ವಿದ್ಯೆ ಇನ್ನೊಂದರಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಇದು ನಮಗೆ ದೂರದ ವಿಷಯವಲ್ಲ. ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಹೊರತಂದ ಭಾರತ್ ಆಪರೇಟಿಂಗ್ ಸಿಸ್ಟಮ್ ಸೊಲ್ಯೂಷನ್ಸ್, ಅರ್ಥಾತ್ ಬಾಸ್ ಲಿನಕ್ಸ್, ಇದೇ ಬಳಗಕ್ಕೆ ಸೇರಿದುದು. 2011ರಲ್ಲಿ ತಮಿಳುನಾಡು ಸರಕಾರವು ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪುಗಳನ್ನು ಹಂಚಲಾರಂಭಿಸಿದಾಗ, ವಿಂಡೋಸಿನ ಜೊತೆಯಲ್ಲಿ ಬಾಸ್ ಲಿನಕ್ಸ್ ಸಹ ಮನೆಮನೆಗೆ ಬಂದಿತು. ಕಾಸರಗೋಡಿನ ನಮ್ಮ ಬಂಧುಗಳು ಇನ್ನೂ ಮುಂದಿದ್ದಾರೆ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಬೆಳೆದಿದೆ. ಅದು ಶಾಲೆಗಳಿಗೆಂದೇ ಸಿದ್ಧಪಡಿಸಿದ ಲಿನಕ್ಸಿನ ಮೇಲೆ ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುತ್ತಾರೆ.

ಕಡತಗಳಿರುವ ಸ್ಥಳ

ಡೆಸ್ಕ್‌ಟಾಪ್ ಕಡತಗಳು ಮುಖ್ಯವಾಗಿ ಎರಡು ಕಡೆಗಳಲ್ಲಿ ಇರುತ್ತವೆ. ಒಂದು, ಯಂತ್ರವನ್ನು ಬಳಸುವ ಎಲ್ಲರಿಗೂ ಅನ್ವಯಿಸುವ 'ಯುಎಸ್‌ಆರ್' ಎಂಬ ಕೋಶದೊಳಗಿನ 'ಶೇರ್', ಅದರೊಳಗಿನ 'ಅಪ್ಲಿಕೇಶನ್ಸ್'. ಇದನ್ನು ಮುಖ್ಯೋಪಾಧ್ಯಾಯರ ಬೀರುವಿನಲ್ಲಿರುವ ದಾಖಲಾತಿ ಪುಸ್ತಕಕ್ಕೆ ಹೋಲಿಸಬಹುದು. ನಿರ್ವಾಹಕರ ಗುಪ್ತಪದವಿಲ್ಲದೆ ಇದನ್ನು ಮುಟ್ಟಲಾಗದು. ಇನ್ನೊಂದು, ಪ್ರತಿಯೊಬ್ಬ ಬಳಕೆದಾರನ ಸ್ವಂತ ಮನೆಯಂತಿರುವ 'ಹೋಮ್' ಕೋಶದೊಳಗೆ 'ಡಾಟ್ ಲೋಕಲ್', ಅದರೊಳಗೆ 'ಶೇರ್', ಅದರೊಳಗೆ 'ಅಪ್ಲಿಕೇಶನ್ಸ್'. ಇದು ತರಗತಿಯ ಉಪಾಧ್ಯಾಯರ ಕೈಪುಸ್ತಕವಿದ್ದಂತೆ. ಹೆಸರಿನ ಮೊದಲಲ್ಲಿ ಚುಕ್ಕೆಯಿರುವುದರಿಂದ 'ಡಾಟ್ ಲೋಕಲ್' ಸಾಮಾನ್ಯವಾಗಿ ಮರೆಯಾಗಿರುತ್ತದೆ. ಕಡತಗಳ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗೋಚರಿಸುತ್ತದೆ.

ಎರಡೂ ಕಡೆಗಳಲ್ಲಿ ಒಂದೇ ಹೆಸರಿನ ಕಡತವಿದ್ದರೆ ಬಳಕೆದಾರನ ಕೋಶದಲ್ಲಿರುವುದಕ್ಕೇ ಮನ್ನಣೆ. ಮುಂದೆ ಹೇಳುವ ಉಪಾಯಗಳಿಗೆಲ್ಲ ಈ ಒಂದು ನಿಯಮವೇ ಆಧಾರವಾದುದರಿಂದ ವಾಚಕರು ಇದನ್ನು ಚೆನ್ನಾಗಿ ನೆನಪಿನಲ್ಲಿಡಬೇಕು.

ಹೊಸ ಹೆಸರನ್ನು ಸೇರಿಸುವುದು

ಯಂತ್ರದ ತಂತ್ರಾಂಶ ಭಂಡಾರದ ಮೂಲಕ ಸ್ಥಾಪಿಸಿದ ಕಾರ್ಯಕ್ರಮಗಳು ತಮ್ಮ ಕಡತವನ್ನು ತಾವೇ ತಂದುಕೊಳ್ಳುತ್ತವೆ. ಆದರೆ ಬೇರೆಡೆಯಿಂದ ತಂದು ಹಾಕಿದ ಕಾರ್ಯಕ್ರಮಗಳು ಅನೇಕ ವೇಳೆ ಮೆನುವಿನಲ್ಲಿ ಕಾಣುವುದಿಲ್ಲ. ಉದಾಹರಣೆಗೆ, ಅಂತರಜಾಲವಿಲ್ಲದೆಯೂ ವಿಕಿಪೀಡಿಯ ವಿಶ್ವಕೋಶವನ್ನು ಓದಲು ಅನುವು ಮಾಡಿಕೊಡುವ ಕಿವಿಕ್ಸ್ ಎಂಬುದೊಂದಿದೆ. ಕಾಡಂಚಿನ ನಮ್ಮಂತಹ ಊರುಗಳಿಗೆ ಇದು ಬಹಳ ಉಪಕಾರಿ. ಇದು ಆಪ್‌ಇಮೇಜ್ ಎಂಬ ಒಂದೇ ಕಡತದ ರೂಪದಲ್ಲಿಯೂ ದೊರೆಯುತ್ತದೆ. ಅದನ್ನು 'ಶಾಲೆ' ಎಂಬ ಬಳಕೆದಾರನ ಕೋಶದಲ್ಲಿಟ್ಟು, ಅದರ ಗುಣಲಕ್ಷಣಗಳಲ್ಲಿ ಅದನ್ನು ನಡೆಸಲು ಅನುಮತಿ ನೀಡಿ, ಆ ಬಳಿಕ ಬರಹದ ಸಾಧನವೊಂದರಲ್ಲಿ ಕೆಳಗಿನ ಸಾಲುಗಳನ್ನು ಬರೆಯತಕ್ಕದ್ದು. ಮುದ್ರಣದ ಸೌಕರ್ಯಕ್ಕಾಗಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಯಂತ್ರದಲ್ಲಿ ಐದನೆಯ ಸಾಲಿನ ಕನ್ನಡ ಹೆಸರೊಂದನ್ನು ಬಿಟ್ಟು ಉಳಿದುದೆಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿರಬೇಕು.

[ಡೆಸ್ಕ್‌ಟಾಪ್ ಎಂಟ್ರಿ]
ಟೈಪ್=ಅಪ್ಲಿಕೇಶನ್
ನೇಮ್=ಕಿವಿಕ್ಸ್
ಎಕ್ಸೆಕ್=/ಹೋಮ್/ಶಾಲೆ/ಕಿವಿಕ್ಸ್.ಆಪ್‌ಇಮೇಜ್
ನೇಮ್[ಕೆಎನ್]=ವಿಶ್ವಕೋಶ
ಐಕಾನ್=/ಹೋಮ್/ಶಾಲೆ/ಕಿವಿಕ್ಸ್.ಪಿಎನ್‌ಜಿ
ಕೆಟಗರೀಸ್=ಎಜುಕೇಶನ್;

ಇವುಗಳ ಅರ್ಥವು ಹಾಜರಿ ಪುಸ್ತಕದ ಅಂಕಣಗಳಷ್ಟೇ ಸರಳ. ಮೊದಲ ಸಾಲು ಪುಸ್ತಕದ ಶಿರೋನಾಮೆ. 'ಟೈಪ್' ಎಂಬುದು ಇದು ಕಾರ್ಯಕ್ರಮವೆಂದು ಸಾರುತ್ತದೆ. 'ನೇಮ್' ಎಂದರೆ ಹೆಸರು. 'ಎಕ್ಸೆಕ್' ಎಂದರೆ ವಿಳಾಸ, ಅಂದರೆ ಹೆಸರನ್ನು ಒತ್ತಿದಾಗ ಯಂತ್ರವು ಯಾವುದನ್ನು ನಡೆಸಬೇಕೆಂಬ ಆಜ್ಞೆ. 'ಐಕಾನ್' ಎಂಬುದು ಭಾವಚಿತ್ರ. 'ಕೆಟಗರೀಸ್' ಎಂಬುದು ತರಗತಿ. ಶಿಕ್ಷಣ, ಆಟ, ಕಚೇರಿ, ಚಿತ್ರಕಲೆ ಮುಂತಾದ ವಿಭಾಗಗಳಲ್ಲಿ ಇದು ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ಹೇಳುತ್ತದೆ. ಬರೆದ ಕಡತಕ್ಕೆ 'ಕಿವಿಕ್ಸ್ ಡಾಟ್ ಡೆಸ್ಕ್‌ಟಾಪ್' ಎಂದು ಹೆಸರಿಟ್ಟು, ಮೇಲೆ ಹೇಳಿದ ಬಳಕೆದಾರನ ಅಪ್ಲಿಕೇಶನ್ಸ್ ಕೋಶದಲ್ಲಿ ಉಳಿಸಿದರೆ ಕೆಲಸವು ಮುಗಿಯಿತು. ಸಾಮಾನ್ಯವಾಗಿ ಕೆಲವು ಕ್ಷಣಗಳಲ್ಲಿಯೇ ಹೆಸರು ಕಾಣಿಸಿಕೊಳ್ಳುತ್ತದೆ. ಕಾಣದಿದ್ದಲ್ಲಿ ಒಮ್ಮೆ ಹೊರಬಂದು ಮತ್ತೆ ಒಳಹೊಗಬೇಕು.

ಇಲ್ಲಿ ಸಂಭವಿಸುವ ತಪ್ಪುಗಳು ಕೆಲವುಂಟು. ಇಂಗ್ಲಿಷಿನ ದೊಡ್ಡ ಮತ್ತು ಚಿಕ್ಕ ಅಕ್ಷರಗಳ ಭೇದವನ್ನು ಯಂತ್ರವು ಗಣಿಸುತ್ತದೆ. 'ನೇಮ್' ಎಂಬುದರ ಮೊದಲಕ್ಷರವನ್ನು ಚಿಕ್ಕದಾಗಿ ಬರೆದರೆ ಅದು ಒಪ್ಪದು. ಮನೆಯ ಕೋಶಕ್ಕೆ ಸಂಕ್ಷೇಪವಾಗಿ ಬಳಸುವ ಅಲೆಗೆರೆಯ ಚಿಹ್ನೆಯು ವಿಳಾಸದ ಸಾಲಿನಲ್ಲಿ ನಡೆಯದು. ಪೂರ್ಣ ವಿಳಾಸವನ್ನೇ ಬರೆಯಬೇಕು. ವಿಳಾಸದ ನಡುವೆ ತೆರಪಿದ್ದರೆ ಅದನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ಕಡತವನ್ನು ಪರೀಕ್ಷಿಸಲು 'ಡೆಸ್ಕ್‌ಟಾಪ್-ಫೈಲ್-ವ್ಯಾಲಿಡೇಟ್' ಎಂಬ ಆಜ್ಞೆಯಿದೆ; ಅದು ಪರೀಕ್ಷಕರಂತೆ ತಪ್ಪಿರುವ ಸಾಲನ್ನು ತೋರಿಸಿಕೊಡುತ್ತದೆ.

ಕನ್ನಡದ ಹೆಸರು

ಐದನೆಯ ಸಾಲಿನ ಮಹತ್ವವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಚೌಕ ಕಂಸದಲ್ಲಿರುವ ಕೆ, ಎನ್ ಎಂಬ ಎರಡು ಅಕ್ಷರಗಳು ಕನ್ನಡ ಭಾಷೆಯ ಸಂಕೇತ. ಯಂತ್ರದ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ ಒಳಹೊಕ್ಕವರಿಗೆ ಮೆನುವಿನಲ್ಲಿ 'ವಿಶ್ವಕೋಶ' ಎಂದೇ ಕಾಣುತ್ತದೆ; ಇತರರಿಗೆ ಇಂಗ್ಲಿಷ್ ಹೆಸರು. ಇದೇ ರೀತಿ ತಮಿಳಿಗೂ ತೆಲುಗಿಗೂ ತಲಾ ಒಂದೊಂದು ಸಾಲನ್ನು ಸೇರಿಸಬಹುದು. ಒಂದರಿಂದ ಇನ್ನೊಂದಕ್ಕೆ ಬಾಧೆಯಿಲ್ಲ. ಮೂರು ಭಾಷೆಗಳು ಒಂದೇ ಸಂತೆಯಲ್ಲಿ ಓಡಾಡುವ ನಮ್ಮ ಊರಿಗೆ ಇದಕ್ಕಿಂತ ಹೊಂದುವ ಏರ್ಪಾಡು ಯಾವುದು?

ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಗಣಕಯಂತ್ರವು ಅನ್ಯರ ವಸ್ತುವೆಂಬ ಭಾವನೆ ಬರುವುದು ಮೊದಲ ನೋಟದಲ್ಲಿಯೇ. ತನ್ನ ಪುಸ್ತಕದಲ್ಲಿರುವ ಲಿಪಿ ಅಲ್ಲಿಲ್ಲವೆಂದು ಕಂಡ ಕೂಡಲೇ ಅದು ಹಿಂಜರಿಯುತ್ತದೆ. ಈ ಹಿಂಜರಿಕೆಯನ್ನು ಕಳೆಯಲು ಒಂದು ಸಾಲಿನ ಬರಹ ಸಾಕೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಹೆಸರನ್ನು ತೆಗೆಯುವುದು

ಬೇಡವಾದ ಹೆಸರುಗಳು ಪಟ್ಟಿಯಲ್ಲಿ ತುಂಬಿದ್ದರೆ ಮಕ್ಕಳು ದಾರಿತಪ್ಪುತ್ತಾರೆ. ಅಂಥವನ್ನು ಮರೆಮಾಡುವುದು ಯುಕ್ತ. ಆದರೆ ಮುಖ್ಯ ಕೋಶದಲ್ಲಿರುವ ಕಡತವನ್ನು ತಿದ್ದಲೂಬಾರದು, ಅಳಿಸಲೂಬಾರದು. ಕಾರ್ಯಕ್ರಮವು ನವೀಕರಣಗೊಂಡಾಗ ಅದು ಮೊದಲಿನಂತೆಯೇ ಮರಳಿ ಬರುತ್ತದೆ. ಸರಿಯಾದ ಕ್ರಮವೇನೆಂದರೆ, ಆ ಕಡತದ ಪ್ರತಿಯೊಂದನ್ನು ಅದೇ ಹೆಸರಿನಲ್ಲಿ ಬಳಕೆದಾರನ ಕೋಶಕ್ಕೆ ತಂದು, ಶಿರೋನಾಮೆಯ ಕೆಳಗೆ 'ನೋಡಿಸ್‌ಪ್ಲೇ=ಟ್ರೂ' ಎಂಬ ಸಾಲನ್ನು ಸೇರಿಸುವುದು. 'ನೋ' ಮತ್ತು 'ಡಿಸ್‌ಪ್ಲೇ' ಎಂಬ ಪದಗಳನ್ನು ತೆರಪಿಲ್ಲದೆ ಕೂಡಿಸಿ, ಎರಡರ ಮೊದಲಕ್ಷರಗಳನ್ನೂ ದೊಡ್ಡದಾಗಿ ಬರೆಯಬೇಕು. 'ಟ್ರೂ' ಎಂಬುದು ಪೂರ್ತಿ ಚಿಕ್ಕ ಅಕ್ಷರಗಳಲ್ಲಿರಬೇಕು. ಕೆಲವು ಕಡತಗಳ ಕೊನೆಯಲ್ಲಿ ಬೇರೆ ಶಿರೋನಾಮೆಗಳ ಉಪಭಾಗಗಳಿರುವುದರಿಂದ, ಈ ಸಾಲನ್ನು ಕಟ್ಟಕಡೆಯಲ್ಲಿ ಬರೆದರೆ ಫಲಿಸದು.

ಹೀಗೆ ಮರೆಯಾದ ಕಾರ್ಯಕ್ರಮವು ಮೆನುವಿನಲ್ಲಿ ಕಾಣದಿದ್ದರೂ, ತನಗೆ ಸಂಬಂಧಿಸಿದ ಚಿತ್ರವನ್ನೋ ಬರಹವನ್ನೋ ತೆರೆಯುವ ಕೆಲಸವನ್ನು ಎಂದಿನಂತೆ ಮಾಡುತ್ತಿರುತ್ತದೆ. ಹೆಸರು ಮತ್ತೆ ಬೇಕೆನಿಸಿದರೆ ಬಳಕೆದಾರನ ಕೋಶದ ಪ್ರತಿಯನ್ನು ಅಳಿಸಿದರಾಯಿತು. ಮೂಲ ಕಡತವು ಮತ್ತೆ ಬಲಕ್ಕೆ ಬಂದು ಹೆಸರು ಮರಳುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಯು ಆ ಭಾನುವಾರ ಮಾಡಿದುದು ಇಷ್ಟೇ.

ಕೈಯಿಂದ ಬರೆಯಲು ಅಂಜುವವರಿಗೆ ಅಲಕಾರ್ಟೆ, ಮೆನುಲಿಬ್ರೆ ಎಂಬ ಸಾಧನಗಳಿವೆ. ಕೆಡಿಇಯಲ್ಲಿ ಅದರದೇ ಆದ ಮೆನು ಸಂಪಾದಕವಿದೆ. ಇವು ಮೇಲೆ ಹೇಳಿದ ಕಡತಗಳನ್ನೇ ನಮ್ಮ ಪರವಾಗಿ ಬರೆಯುತ್ತವೆ. ಆದರೆ ಒಂದು ಎಚ್ಚರಿಕೆ. ಸಿನ್ನಮನ್ ಮೊದಲಾದ ಕೆಲವು ಡೆಸ್ಕ್‌ಟಾಪುಗಳ ಮೆನುವಿನಲ್ಲಿ ಹೆಸರಿನ ಮೇಲೆ ಬಲಗುಂಡಿಯನ್ನೊತ್ತಿದರೆ 'ಅನ್‌ಇನ್‌ಸ್ಟಾಲ್' ಎಂಬ ಆಯ್ಕೆಯೂ ಕಾಣುತ್ತದೆ. ಅದು ಹೆಸರನ್ನಲ್ಲ, ಕಾರ್ಯಕ್ರಮವನ್ನೇ ಕಿತ್ತುಹಾಕುವ ಆಯ್ಕೆ. ಯಂತ್ರವು ಗುಪ್ತಪದವನ್ನು ಕೇಳಿತೆಂದರೆ ಅಲ್ಲಿಯೇ ನಿಂತು ಯೋಚಿಸತಕ್ಕದ್ದು. ನಿರ್ವಾಹಕರ ಗುಪ್ತಪದವನ್ನು ಮಕ್ಕಳಿಗೆ ತಿಳಿಸದಿದ್ದರೆ, ಅವರು ಮೆನುವನ್ನು ಎಷ್ಟು ತಿದ್ದಿದರೂ ಸ್ಥಾಪಿತ ಕಾರ್ಯಕ್ರಮಗಳಿಗೆ ಧಕ್ಕೆಯಿಲ್ಲ.

ಉಪಸಂಹಾರ

ಉಪಾಧ್ಯಾಯ ವೃತ್ತಿಯಲ್ಲಿ ನಾವು ಹೆಸರುಗಳನ್ನು ಬರೆಯುತ್ತಲೂ ಹೊಡೆಯುತ್ತಲೂ ಕಾಲ ಕಳೆದಿದ್ದೇವೆ. ಬಹುದಿನ ಗೈರುಹಾಜರಾದವನ ಹೆಸರನ್ನು ಹೊಡೆದುಹಾಕಿ, ಅವನು ಇಲ್ಲವೆಂದೇ ಭಾವಿಸುವುದು ನಮಗೆ ಸುಲಭ. ಅವನಾದರೋ ಇದೇ ಊರಿನಲ್ಲಿ ದನವನ್ನೋ ಕುರಿಯನ್ನೋ ಮೇಯಿಸುತ್ತಿರುತ್ತಾನೆ; ಕರೆದರೆ ಬರುವಷ್ಟು ಹತ್ತಿರದಲ್ಲಿ.

ಆ ಬಾಲಕನ ಮನೆಗೆ ನಾವು ಸೋಮವಾರ ಬೆಳಗ್ಗೆ ಸ್ವತಃ ಹೋದೆವು. ತಪ್ಪು ನಮ್ಮದೆಂದು ತಾಯಿಯ ಎದುರಿನಲ್ಲಿಯೇ ಒಪ್ಪಿಕೊಂಡೆವು. ಅವನು ನಮ್ಮೊಡನೆಯೇ ನಡೆದುಕೊಂಡು ಶಾಲೆಗೆ ಬಂದನು. ಆ ವಾರದಲ್ಲಿಯೇ, ಅಳಿಸಿಹೋಗಿತ್ತೆಂದು ನಾವು ತಿಳಿದಿದ್ದ ಆ ಚಿತ್ರದ ಕಾರ್ಯಕ್ರಮಕ್ಕೆ ಕನ್ನಡದ ಹೆಸರಿನ ಸಾಲನ್ನು ಅವನಿಂದಲೇ ಬರೆಯಿಸಿದೆವು. ಅವನು 'ಚಿತ್ರದ ಹಲಗೆ' ಎಂದು ಬರೆದನು. ಅದು ಇಂದಿಗೂ ಹಾಗೆಯೇ ಇದೆ. ಶಾಲೆಗೆ ಭೇಟಿಯಿತ್ತ ಮಹನೀಯರು ಅದನ್ನು ನೋಡಬಹುದು.