ಇಸ್ಲಾಂ ಅಧ್ಯಯನದಲ್ಲಿ ವಸ್ತುನಿರ್ಣಯ

ಇಸ್ಲಾಂ ಧರ್ಮವನ್ನು ಅಭ್ಯಸಿಸುವ ವಿದ್ವಾಂಸನು ತನ್ನ ಅಧ್ಯಯನದ ವಸ್ತು ಯಾವುದೆಂಬುದನ್ನು ಮೊದಲು ನಿಶ್ಚಯಿಸಬೇಕಾಗುವುದು. ಗ್ರಂಥಗಳಲ್ಲಿ ವಿಹಿತವಾದುದಷ್ಟೇ ಇಸ್ಲಾಂ ಎಂದರೆ, ದರ್ಗಾಗಳಿಗೆ ಹರಕೆ ಹೊರುವ ಜನಸಾಮಾನ್ಯರ ಆಚಾರಗಳೆಲ್ಲ ಅದರಿಂದ ಹೊರಗಾಗುವುವು. 1977ರಲ್ಲಿ ಮಾನವಶಾಸ್ತ್ರಜ್ಞರಾದ ಅಬ್ದುಲ್ ಹಮೀದ್ ಎಲ್ ಜೈನರು ಈ ಪಕ್ಷವನ್ನು ನಿರಾಕರಿಸಿ, ಇರುವುದು ಒಂದು ಇಸ್ಲಾಂ ಅಲ್ಲ, ಹಲವು ಎಂದು ವಾದಿಸಿದರು. ಈ ಮತವು ಉದಾರವಾಗಿ ತೋರುವುದು ದಿಟ; ಆದರೆ ಇದನ್ನೊಪ್ಪಿದರೆ ಮುಸಲ್ಮಾನರು ತಮ್ಮೊಳಗೆ ಸರಿ ತಪ್ಪುಗಳನ್ನು ಕುರಿತು ನಡೆಸುವ ವಾದಕ್ಕೆ ಅರ್ಥವೇ ಉಳಿಯದು.

ತಲಾಲ್ ಅಸದರು 1986ರಲ್ಲಿ ಈ ತೊಡಕನ್ನೇ ಕೈಗೆತ್ತಿಕೊಂಡರು. ಅವರ ಮತದಂತೆ ಇಸ್ಲಾಂ ಎಂಬುದು ಖುರಾನ್ ಹದೀಸುಗಳನ್ನು ಆಧರಿಸಿ, ಗತಕಾಲವನ್ನೂ ಭವಿಷ್ಯವನ್ನೂ ಇಂದಿನ ಆಚರಣೆಗೆ ಜೋಡಿಸುವ ಒಂದು ವಾದಪರಂಪರೆ. ಅದನ್ನು ಬೋಧಿಸುವವನು ಮೌಲವಿಯಾಗಿರಬಹುದು, ಸೂಫಿ ಗುರುವಾಗಿರಬಹುದು. ಶಾಸ್ತ್ರವನ್ನೇ ಕಲಿಯದ ತಾಯಿತಂದೆಗಳೂ ಆಗಿರಬಹುದು. ಈ ಕೊನೆಯ ಮಾತನ್ನು ಓದುಗರು ಲಕ್ಷಿಸದೆ ಬಿಡುವುದುಂಟು. ದರ್ಗಾದ ಹರಕೆಯೂ ಅದರ ಖಂಡನೆಯೂ ಒಂದೇ ಪರಂಪರೆಯೊಳಗಿನ ವಿವಾದವಾಗುವುದು ಅದರಿಂದಲೇ.

ಶಹಾಬ್ ಅಹ್ಮದರಿಗೆ ಇಷ್ಟು ಸಾಲದಾಯಿತು. ಮರಣಾನಂತರ, 2016ರಲ್ಲಿ, ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು, ಅಸದರು ವಿಧಿನಿಷೇಧಗಳಿಗೇ ಅತಿಯಾದ ಪ್ರಾಶಸ್ತ್ಯವನ್ನಿತ್ತರೆಂದು ಆಕ್ಷೇಪಿಸಿದರು. ಶಾಸ್ತ್ರದಲ್ಲಿ ಮದ್ಯವು ನಿಷಿದ್ಧ. ಆದರೂ ಮೊಗಲ್ ಚಕ್ರವರ್ತಿ ಜಹಾಂಗೀರನು ಪಾನಪಾತ್ರೆಯನ್ನು ಹಿಡಿದ ತನ್ನ ರೂಪವನ್ನು ಚಿನ್ನದ ನಾಣ್ಯದ ಮೇಲೆ ಅಚ್ಚೊತ್ತಿಸಿದನು. ಅದನ್ನು ಒಬ್ಬ ಅರಸನ ಸ್ವೇಚ್ಛೆಯೆಂದು ತಳ್ಳಿಬಿಡಬಹುದು. ಮಧುವನ್ನು ಹಾಡಿದ ಹಾಫಿಜನ ಕಾವ್ಯವನ್ನಾದರೋ ಬಾಲ್ಕನ್ ಪ್ರಾಂತದಿಂದ ಬಂಗಾಳದವರೆಗಿನ ಮುಸಲ್ಮಾನರು ಶತಮಾನಗಳ ಕಾಲ ಆದರದಿಂದ ಓದಿದರು. ಅವರನ್ನು ಹಾಗೆ ತಳ್ಳಿಬಿಡುವುದು ಸುಲಭವಲ್ಲ.