ಪಾಡ್‌ಕಾಸ್ಟ್: ಹಾರಂಗಿಯಲ್ಲಿ ಆನೆಗೆ ಶಿಬಿರ ಇದೆ, ಬೀದಿಯ ನಾಯಿಮರಿಗೆ ಏನಿದೆ?

ಇವತ್ತಿನ ವಿಷಯ: ಊರಿನವರೇ ಸೇರಿ ಪ್ರಾಣಿಗಳಿಗೆ ಒಂದು ಆಶ್ರಯ ಕೇಂದ್ರ, ಅಂದ್ರೆ ಶೆಲ್ಟರ್ ನಡೆಸೋದು ಹೇಗೆ? ಅಲ್ಲಿಂದ ನಾಯಿ, ಬೆಕ್ಕುಗಳನ್ನು ದತ್ತು ಕೊಡೋದು ಹೇಗೆ? ಕೊಡಗಿನ ಹಾರಂಗಿಯನ್ನೇ ಮುಂದಿಟ್ಟುಕೊಂಡು ಮಾತಾಡೋಣ.

ಹಾರಂಗಿ ಅಂದ ತಕ್ಷಣ ನೆನಪಾಗೋದು ಜಲಾಶಯ. ಕಾವೇರಿಯ ಉಪನದಿಗೆ ಕಟ್ಟಿರೋ ಈ ಅಣೆಕಟ್ಟು 1982ರಲ್ಲಿ ಪೂರ್ತಿಯಾಯ್ತು. ಕುಶಾಲನಗರದಿಂದ ಹೆಚ್ಚು ದೂರ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಇಲ್ಲಿ ಅರಣ್ಯ ಇಲಾಖೆಯ ಸಾಕಾನೆ ಶಿಬಿರವೂ ಶುರುವಾಗಿದೆ. ದುಬಾರೆ ಥರಾನೇ ಇಲ್ಲೂ ಆನೆ ನೋಡೋಕೆ ಜನ ಬರ್ತಾರೆ.

ಆನೆ ಶಿಬಿರ ಹೇಗೆ ನಡೆಯುತ್ತೆ ಅಂತ ಗಮನಿಸಿ. ಪ್ರತಿ ಆನೆಗೂ ಒಬ್ಬ ಮಾವುತ, ಒಬ್ಬ ಕಾವಾಡಿ. ದಿನದ ಆಹಾರ, ಸ್ನಾನ, ವೈದ್ಯರ ತಪಾಸಣೆ ಎಲ್ಲಕ್ಕೂ ಒಂದು ಕ್ರಮ ಇದೆ. ಖರ್ಚು ನೋಡ್ಕೊಳ್ಳೋಕೆ ಒಂದು ಇಲಾಖೆ ಇದೆ. ಅಂದ್ರೆ ಮೂರು ಪ್ರಶ್ನೆಗೆ ಉತ್ತರ ಸಿದ್ಧವಾಗಿದೆ: ಯಾರು ನೋಡ್ಕೊಳ್ತಾರೆ, ಯಾರು ಔಷಧಿ ಕೊಡ್ತಾರೆ, ಯಾರು ದುಡ್ಡು ಕೊಡ್ತಾರೆ? ನಾಯಿ, ಬೆಕ್ಕಿನ ಶೆಲ್ಟರ್‌ಗೂ ಇದೇ ಮೂರು ಪ್ರಶ್ನೆ. ಇವಕ್ಕೆ ಉತ್ತರ ಇಲ್ಲದೆ ಬರೀ ಪ್ರೀತಿಯಿಂದ ಶುರು ಮಾಡಿದ ಶೆಲ್ಟರ್ ಹೆಚ್ಚು ದಿನ ಬಾಳಲ್ಲ.

ಈಗ ಯಾಕೆ ಈ ಮಾತು?

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಶಾಲೆ, ಕಾಲೇಜು, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರೋ ಬೀದಿ ನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಆದ ಮೇಲೆ ಶೆಲ್ಟರ್‌ನಲ್ಲಿ ಇಡಬೇಕು, ಅದೇ ಜಾಗಕ್ಕೆ ವಾಪಸ್ ಬಿಡಬಾರದು ಅಂತ. ಉಳಿದ ಬೀದಿ ನಾಯಿಗಳ ವಿಷಯಕ್ಕೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮ ಇದೆ. ಅದರ ಪ್ರಕಾರ ಹಿಡಿದ ನಾಯಿಗೆ ಚಿಕಿತ್ಸೆ, ಲಸಿಕೆ ಕೊಟ್ಟು ಅದೇ ಬೀದಿಗೆ ಬಿಡಬೇಕು. ಈ ಕೆಲಸದ ಹೊಣೆ ಸ್ಥಳೀಯ ಸಂಸ್ಥೆಯದ್ದು.

ಆದೇಶ ಕಾಗದದ ಮೇಲೆ ಸುಲಭ. ಆದ್ರೆ ಸಣ್ಣ ಊರಿನ ಬಸ್ ನಿಲ್ದಾಣದಿಂದ ಎತ್ತಿದ ಹತ್ತು ನಾಯಿಗಳನ್ನು ಎಲ್ಲಿ ಇಡ್ತೀರಿ? ಹಾಗಾಗಿ ಶೆಲ್ಟರ್ ಅನ್ನೋದು ಈಗ ಬೆಂಗಳೂರು, ಮೈಸೂರಿನ ಪ್ರಾಣಿಪ್ರಿಯರ ವಿಷಯ ಮಾತ್ರ ಆಗಿ ಉಳಿದಿಲ್ಲ.

ಇನ್ನೊಂದು ಕಾರಣ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2018ರ ಆಗಸ್ಟ್‌ನ ಮಳೆಯಲ್ಲಿ ಜನ ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರಗಳಿಗೆ ಹೋದ್ರು. ನಾಯಿ, ಬೆಕ್ಕು, ದನ ಹಿಂದೆ ಉಳಿದ್ವು. ಆಮೇಲೆ ಸ್ವಯಂಸೇವಕರು ಹುಡುಕಿ ತರಬೇಕಾಯ್ತು. ಹತ್ತಿರದಲ್ಲೇ ಒಂದು ಸಿದ್ಧ ಜಾಗ ಇದ್ರೆ ಅಂಥ ಹೊತ್ತಲ್ಲಿ ಎಷ್ಟು ಉಪಯೋಗ ಅಂತ ಯೋಚಿಸಿ.

ಮೊದಲು ಜಾಗ, ಅದರಲ್ಲೂ ಮಳೆಗಾಲದ ಜಾಗ

ಬಯಲುಸೀಮೆಯಲ್ಲಿ ಶೆಲ್ಟರ್ ಕಟ್ಟೋರಿಗೆ ಬಿಸಿಲಿನ ಚಿಂತೆ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನ ಚಿಂತೆ. ನೆಲ ಎತ್ತರದಲ್ಲಿರಬೇಕು. ತೊಳೆದ ನೀರು ನಿಲ್ಲದೆ ಹರಿದು ಹೋಗೋಕೆ ಇಳಿಜಾರು ಬೇಕು. ಮಲಗೋಕೆ ನೆಲದಿಂದ ಮೇಲೆ ಮರದ ಹಲಗೆ ಬೇಕು. ಒದ್ದೆ ನೆಲದಲ್ಲಿ ಇಲಿ ಓಡಾಡಿದ್ರೆ ಇಲಿ ಜ್ವರದ ಭಯ. ಅದು ನಾಯಿಗೂ ಬರುತ್ತೆ, ಮನುಷ್ಯರಿಗೂ ಬರುತ್ತೆ. ಆಹಾರದ ಚೀಲಗಳನ್ನು ಇಲಿ ಮುಟ್ಟದ ಹಾಗೆ ಮುಚ್ಚಿಡೋದು ಅದಕ್ಕೇ.

ಕಾಫಿ ತೋಟದ ಸೀಮೆ ಆದ್ದರಿಂದ ಚಿರತೆ ವಿಷಯ ಮರೆಯೋ ಹಾಗಿಲ್ಲ. ರಾತ್ರಿ ಹೊರಗೆ ಕಟ್ಟಿ ಹಾಕಿದ ನಾಯಿ ಚಿರತೆಗೆ ಸುಲಭದ ತುತ್ತು. ಮೇಲೆ ಕೂಡ ಜಾಲರಿ ಇರೋ ಗೂಡು ಇಲ್ಲಿ ಬೇಕೇ ಬೇಕು.

ಹೊಸದಾಗಿ ಬಂದವರು ಬೇರೆ ಕೋಣೆಗೆ

ಶೆಲ್ಟರ್‌ಗಳಲ್ಲಿ ಮರಿಗಳ ದೊಡ್ಡ ಶತ್ರು ಪಾರ್ವೋ ವೈರಸ್. ವಾಂತಿ, ರಕ್ತಭೇದಿ ಶುರುವಾದ್ರೆ ಚಿಕಿತ್ಸೆ ಇಲ್ಲದ ಮರಿ ಕೆಲವೇ ದಿನದಲ್ಲಿ ಸಾಯುತ್ತೆ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಸಾಮಾನ್ಯ ಸೋಪಿಗೆ ಜಗ್ಗಲ್ಲ, ಬ್ಲೀಚಿಂಗ್ ದ್ರಾವಣ ಬೇಕು.

ಅದಕ್ಕೆ ಹೊಸ ಪ್ರಾಣಿಯನ್ನು ಕನಿಷ್ಠ ಎರಡು ವಾರ ಪ್ರತ್ಯೇಕ ಇಡಬೇಕು. ಅದಕ್ಕೆ ಬೇರೆ ಬಟ್ಟಲು, ಬೇರೆ ಪೊರಕೆ, ಸಾಧ್ಯವಾದ್ರೆ ಬೇರೆ ಚಪ್ಪಲಿ. ದಿನದ ಕೆಲಸ ಆರೋಗ್ಯವಂತ ಮರಿಗಳಿಂದ ಶುರುವಾಗಿ, ಪ್ರತ್ಯೇಕ ಕೋಣೆಯಲ್ಲಿ ಮುಗಿಬೇಕು. ಉಲ್ಟಾ ಮಾಡಿದ್ರೆ ರೋಗವನ್ನು ನಾವೇ ಹೊತ್ಕೊಂಡು ಹೋಗಿ ಹಂಚಿದ ಹಾಗೆ.

ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಬೂಸ್ಟರ್, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಎಲ್ಲವೂ ಪುಸ್ತಕದಲ್ಲಿ ದಾಖಲಾಗಬೇಕು.

ಎಷ್ಟು ಗೂಡು ಬೇಕು? ಒಂದು ಸುಲಭ ಲೆಕ್ಕ

ಇದು ಇವತ್ತಿನ ಎಪಿಸೋಡ್‌ನ ಮುಖ್ಯ ಭಾಗ, ಸ್ವಲ್ಪ ಗಮನ ಕೊಡಿ. ತಿಂಗಳಿಗೆ ಹತ್ತು ನಾಯಿ ಬರ್ತವೆ ಅಂತ ಇಟ್ಕೊಳ್ಳಿ. ಪ್ರತಿ ನಾಯಿಗೂ ಸರಾಸರಿ ಒಂದು ತಿಂಗಳಲ್ಲಿ ಮನೆ ಸಿಕ್ಕಿದ್ರೆ ಹತ್ತು ಗೂಡು ಸಾಕು. ಮೂರು ತಿಂಗಳು ಹಿಡಿದ್ರೆ? ಮೂವತ್ತು ಗೂಡು ಬೇಕು. ಬರೋ ನಾಯಿಗಳ ಸಂಖ್ಯೆ ಅಷ್ಟೇ, ಖರ್ಚು ಮಾತ್ರ ಮೂರು ಪಟ್ಟು. ಒಂದು ನಾಯಿಗೆ ದಿನಕ್ಕೆ 50 ರೂಪಾಯಿ ಊಟ ಅಂತ ಹಿಡಿದ್ರೂ, ಹತ್ತು ನಾಯಿಗೆ ತಿಂಗಳಿಗೆ 15,000, ಮೂವತ್ತಕ್ಕೆ 45,000. ಔಷಧಿ, ಸಂಬಳ ಇದರಲ್ಲಿ ಸೇರಿಲ್ಲ.

ಅಂದ್ರೆ ಹೊಸ ಗೂಡು ಕಟ್ಟೋದಕ್ಕಿಂತ ಬೇಗ ಮನೆ ಹುಡುಕೋದು ಲಾಭ. ಬೆಂಗಳೂರಿನಲ್ಲಿ 1991ರಲ್ಲಿ ಶುರುವಾದ ಕ್ಯೂಪಾ ಸಂಸ್ಥೆ ದತ್ತು ಕೊಡೋಕೆ ಅಂತಲೇ ಪ್ರತ್ಯೇಕ ಕೇಂದ್ರ ಮಾಡಿಕೊಂಡಿದೆ. ಜನ ಬರೋ ಜಾಗದಲ್ಲಿ ಚಿಕಿತ್ಸೆಯ ಗಲಾಟೆ ಇರಬಾರದು ಅನ್ನೋ ಪಾಠ ಸಣ್ಣ ಊರಿಗೂ ಅನ್ವಯ ಆಗುತ್ತೆ.

ಇಲ್ಲೇ ಕಷ್ಟದ ಮಾತೂ ಇದೆ. ಗೂಡು ತುಂಬಿದ ದಿನ ಗೇಟಿನ ಮುಂದೆ ಯಾರೋ ರಟ್ಟಿನ ಡಬ್ಬದಲ್ಲಿ ಐದು ಹೆಣ್ಣುಮರಿ ತಂದು ನಿಲ್ತಾರೆ. ‘ಇಲ್ಲ’ ಅನ್ನೋಕೆ ಹೊಟ್ಟೆ ಉರಿಯುತ್ತೆ. ಆದ್ರೆ ‘ಹೂಂ’ ಅಂದ್ರೆ ಒಳಗಿರೋ ಎಲ್ಲರಿಗೂ ರೋಗ ಹರಡಬಹುದು. ನಡುವಿನ ದಾರಿ ಅಂದ್ರೆ ತಾತ್ಕಾಲಿಕ ಮನೆ. ಲಸಿಕೆ, ಆಹಾರ ಶೆಲ್ಟರ್ ಕೊಡುತ್ತೆ. ಜಾಗ ಮತ್ತು ಸಮಯ ಊರಿನ ಒಂದು ಕುಟುಂಬ ಕೊಡುತ್ತೆ. ಇಂಥ ಐದಾರು ಮನೆ ಮೊದಲೇ ಗೊತ್ತು ಮಾಡಿಟ್ಕೊಂಡಿದ್ರೆ ಅರ್ಧ ಕಷ್ಟ ಕಡಿಮೆ.

ದತ್ತು ಕೊಡೋ ಮುಂಚೆ ಕೇಳಬೇಕಾದ್ದು

‘ತೋಟ ಕಾಯೋಕೆ ಒಂದು ನಾಯಿ ಬೇಕಿತ್ತು’ ಅಂತ ಬರೋರೇ ನಮ್ಮ ಕಡೆ ಜಾಸ್ತಿ. ಬೇಡ ಅನ್ನಬೇಕಿಲ್ಲ, ಆದ್ರೆ ಕೇಳಿ: ಹಗಲೆಲ್ಲ ಕಟ್ಟಿ ಹಾಕ್ತೀರಾ? ರಾತ್ರಿ ಎಲ್ಲಿ ಮಲಗುತ್ತೆ? ಬಾಡಿಗೆ ಮನೆ ಆದ್ರೆ ಮಾಲೀಕರು ಒಪ್ಪಿದ್ದಾರಾ? ಊರಿಗೆ ಹೋದಾಗ ಯಾರು ನೋಡ್ಕೊಳ್ತಾರೆ? ಮನೆಯವರೆಲ್ಲ ಒಟ್ಟಿಗೆ ಬಂದು ನೋಡಿದ ಮೇಲೆ ಕೊಡೋದು ಒಳ್ಳೇದು. ಸಂತಾನಹರಣ ಚಿಕಿತ್ಸೆಗೆ ಒಪ್ಪಿಗೆ ಬರೆಸ್ಕೊಳ್ಳಿ. ಹೊಂದಿಕೆ ಆಗದಿದ್ರೆ ಬೀದಿಗೆ ಬಿಡದೆ ವಾಪಸ್ ತಂದುಕೊಡಬೇಕು ಅನ್ನೋ ಮಾತೂ ಅದರಲ್ಲಿರಲಿ. ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಒಂದು ಫೋಟೊ ತರಿಸ್ಕೊಳ್ಳೋಕೆ ವಾಟ್ಸ್‌ಆ್ಯಪ್ ಸಾಕು.

‘777 ಚಾರ್ಲಿ’ ನೋಡಿ ಲ್ಯಾಬ್ರಡಾರ್ ಕೇಳೋರಿಗೂ ಒಂದು ಮಾತು. ನಮ್ಮ ನಾಡತಳಿ ನಾಯಿ ಇಲ್ಲಿನ ಹವೆಗೆ ಹೊಂದಿಕೊಂಡು ಬೆಳೆದದ್ದು. ಶೆಲ್ಟರ್‌ನಲ್ಲಿ ಕಾಯ್ತಾ ಇರೋದೂ ಹೆಚ್ಚಾಗಿ ಅದೇ.

ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲದ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಗಿಂತ ಅಗ್ಗ. ಕಾನೂನು ಹೆದರಿಸಲ್ಲ ಅಂದ ಮೇಲೆ ಕೊಡೋ ಮುಂಚೆಯೇ ಎಚ್ಚರ ವಹಿಸಬೇಕು.

ರೇಬಿಸ್: ಇಲ್ಲಿ ಸಲುಗೆ ಇಲ್ಲ

ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಶೆಲ್ಟರ್‌ನಲ್ಲಿ ಕೆಲಸ ಮಾಡೋರೆಲ್ಲ ಮುಂಚಿತವಾಗಿಯೇ ಲಸಿಕೆ ಹಾಕಿಸ್ಕೊಂಡಿರಬೇಕು. ಕಚ್ಚಿದ್ರೆ, ಪರಚಿದ್ರೆ ಗಾಯವನ್ನು ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀರಿ. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಒಂದು ಪ್ರದೇಶದ ಶೇ 70ರಷ್ಟು ನಾಯಿಗಳಿಗೆ ಲಸಿಕೆ ಹಾಕಿದ್ರೆ ರೋಗದ ಸರಪಳಿ ತುಂಡಾಗುತ್ತೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹಾಗಾಗಿ ಒಂದು ಒಳ್ಳೆ ಶೆಲ್ಟರ್ ಊರಿನ ಮಕ್ಕಳನ್ನೂ ಕಾಪಾಡುತ್ತೆ.

ನೀವು ಏನು ಮಾಡಬಹುದು?

ಜಾಗ, ದುಡ್ಡು ಎರಡೂ ಇಲ್ಲದವರು ಕೂಡ ಶುರು ಮಾಡಬಹುದು. ನಿಮ್ಮ ಬೀದಿಯ ನಾಯಿಗಳನ್ನು ಎಣಿಸಿ, ಫೋಟೊ ತೆಗೆದು, ಯಾವುದಕ್ಕೆ ಲಸಿಕೆ ಆಗಿದೆ ಅಂತ ಪಟ್ಟಿ ಮಾಡಿ. ಅದನ್ನು ಹಿಡ್ಕೊಂಡು ಗ್ರಾಮಸಭೆಗೆ ಹೋಗಿ. ಲಸಿಕಾ ಶಿಬಿರ ಮಾಡಿಸೋಕೆ ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಕೇಳಿ. ಪಶು ಚಿಕಿತ್ಸೆಯ ಸಹಾಯವಾಣಿ 1962 ನಿಮ್ಮ ಫೋನಲ್ಲಿ ಸೇವ್ ಆಗಿರಲಿ. ರಜೆಯಲ್ಲಿ ಒಂದು ಮರಿಗೆ ಎರಡು ವಾರ ತಾತ್ಕಾಲಿಕ ಮನೆ ಕೊಟ್ರೂ ಒಂದು ಗೂಡು ಖಾಲಿ ಮಾಡಿಕೊಟ್ಟ ಹಾಗೆ.

ನಿಮ್ಮ ಊರಲ್ಲಿ ಇಂಥ ಪ್ರಯತ್ನ ನಡೀತಾ ಇದ್ರೆ ಕಮೆಂಟಲ್ಲಿ ತಿಳಿಸಿ. ಮರಿ ಸಾಕಬೇಕು ಅಂತ ಹೊರಟಿರೋ ಗೆಳೆಯರಿಗೆ ಈ ಎಪಿಸೋಡ್ ಕಳಿಸಿ, ದುಡ್ಡು ಕೊಟ್ಟು ಕೊಳ್ಳೋ ಮುಂಚೆ ಒಮ್ಮೆ ಕೇಳಲಿ.